ಬಣ್ಣದ ನೀರಿಗೆ ಬಿಸಿಲು ಸಾಕಾ?

ಕಿನ್ನಿಗೋಳಿಯಲ್ಲಿ ನೂಲಿಗೆ ಬಣ್ಣ ಹಾಕಿ ಉಳಿದ ನೀರಿಗೆ ಟೈಟೇನಿಯಂ ಡೈಆಕ್ಸೈಡ್ ನ್ಯಾನೋ ಪುಡಿ ಬೆರೆಸಿ ಬಿಸಿಲಿಗಿಟ್ಟರೆ ತಿಳಿಯಾಗುತ್ತದಾ ಅಂತ ಕೇಳಿದ್ದೀರಿ. ಆಗುತ್ತದೆ ಮಾರಾಯ್ರೆ, ಆದರೆ ಡ್ರಮ್ಮಿನಲ್ಲಲ್ಲ, ಆಟಿ (ಆಷಾಢ) ತಿಂಗಳ ಮಳೆಯಲ್ಲಂತೂ ಅಲ್ಲವೇ ಅಲ್ಲ. ಆ ಪುಡಿ ಕೆಲಸ ಮಾಡುವುದು ಸುಮಾರು 388 ನ್ಯಾನೋಮೀಟರಿಗಿಂತ ಕಡಿಮೆ ತರಂಗಾಂತರದ ನೇರಳಾತೀತ ಬೆಳಕಿಗೆ. ಬಿಸಿಲಿನಲ್ಲಿ ಅದು ಇರುವುದೇ ಶೇ. 5ರ ಆಸುಪಾಸು. ಕಡು ಬಣ್ಣದ ನೀರು ಅದನ್ನೂ ಮೇಲಿನಿಂದಲೇ ನುಂಗಿಬಿಡುತ್ತದೆ. ಹಾಗಾಗಿ ನೀರು ಬೆರೆಸಿ ತೆಳು ಮಾಡಿ, ಅಗಲದ ತಟ್ಟೆಯಲ್ಲಿ ಎರಡು ಬೆರಳು ಎತ್ತರಕ್ಕಿಟ್ಟು ಕದಡುತ್ತಿರಿ. ಬಣ್ಣ ಹಿಡಿಯಲೆಂದು ನೀವು ಹಾಕುವ ಸೋಡಾ (ಸೋಡಿಯಂ ಕಾರ್ಬೊನೇಟ್) ಬೇರೆ ಅಡ್ಡಬರುತ್ತದೆ: ಬೆಳಕು ಬಿದ್ದಾಗ ಪುಡಿಯ ಮೇಲೆ ಹುಟ್ಟಿ ಬಣ್ಣ ಒಡೆಯಬೇಕಾದ ಚುರುಕು ಕಣಗಳಾದ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳನ್ನು ಕಾರ್ಬೊನೇಟ್ ತಿಂದುಹಾಕುತ್ತದೆ. ಹೋಲಿಸಿ ನೋಡಲು ಅದೇ ನೀರು, ಪುಡಿ ಹಾಕಿದ ಇನ್ನೊಂದು ತಟ್ಟೆ ಕತ್ತಲಲ್ಲಿಡಿ. ಅಲ್ಲೂ ಬಣ್ಣ ಇಳಿದರೆ ಅದು ಪುಡಿಗೆ ಅಂಟಿದ್ದಷ್ಟೇ. ಬಣ್ಣ ಹೋಯಿತೆಂದು ತೋಡಿಗೆ (ಹಳ್ಳಕ್ಕೆ) ಬಿಡಬೇಡಿ, ಮೊದಲು ಸಿಒಡಿ ಪರೀಕ್ಷೆ (ನೀರಿನಲ್ಲಿ ಇನ್ನೂ ಉಳಿದ ಸಾವಯವ ಕೊಳೆಯ ಅಳತೆ) ಮಾಡಿಸಿ. ನ್ಯಾನೋ ಪುಡಿ ಸುಲಭಕ್ಕೆ ತಳ ಸೇರುವುದೂ ಇಲ್ಲ. ಗಾಜಿಗೋ ಹೆಂಚಿಗೋ ಲೇಪಿಸಿಕೊಂಡರೆ ವಾಸಿ.