ನಾಯಿಯ ರೆಪ್ಪೆಯಲ್ಲಿ ಗಂಟು: ಸುಮ್ನೆ ನೋಡ್ತಾ ಇರಬಹುದಾ?

ಪ್ರಶ್ನೆ: ನಮ್ಮ ನಾಯಿಗೆ ಹತ್ತು ವರ್ಷ. ಎಡಗಣ್ಣಿನ ಮೇಲ್ರೆಪ್ಪೆಯ ಅಂಚಿನಲ್ಲಿ ಒಳ್ಳೆಮೆಣಸಿನ ಕಾಳಿನಷ್ಟು ಕಪ್ಪು ಗಂಟು ಎದ್ದಿದೆ. ಊಟ, ಓಡಾಟ ಎಲ್ಲ ಸರಿ ಇದೆ. ಕೂದಲು ಬಿಗಿದು ಕಟ್ಟಿದರೆ ಉದುರುತ್ತದೆ ಅಂತ ಅಮ್ಮ, ಸುಣ್ಣ ಹಚ್ಚಿ ಅಂತ ಪಕ್ಕದ ಮನೆಯವರು. ಡಾಕ್ಟರಿಗೆ ತೋರಿಸಲೇಬೇಕಾ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಕೂದಲೂ ಬೇಡ, ಸುಣ್ಣವಂತೂ ಬೇಡವೇ ಬೇಡ. ಅದು ಕಣ್ಣಿಗೆ ಬಿದ್ದರೆ ಕಣ್ಣೇ ಸುಟ್ಟುಹೋದೀತು.

ಮೊದಲು ಅದು ಉಣ್ಣಿ ಅಲ್ಲ ತಾನೇ ನೋಡಿ. ನಗಬೇಡಿ, ತೋಟದಲ್ಲಿ ಅಲೆಯುವ ನಾಯಿಗಳ ರೆಪ್ಪೆಗೂ ಉಣ್ಣಿ ಕಚ್ಚುತ್ತದೆ, ರಕ್ತ ಕುಡಿದು ಉಬ್ಬಿದ ಮೇಲೆ ಥೇಟ್ ಗಂಟೇ. ಟಾರ್ಚ್ ಹಿಡಿದು ಬುಡ ನೋಡಿದರೆ ಸಣ್ಣ ಕಾಲುಗಳು ಕಾಣುತ್ತವೆ.

ಉಣ್ಣಿ ಅಲ್ಲದಿದ್ದರೆ, ಈ ವಯಸ್ಸಿನಲ್ಲಿ ಬರುವ ಇಂಥ ಗಂಟುಗಳು ಹೆಚ್ಚಾಗಿ ರೆಪ್ಪೆಯಂಚಿನ ಎಣ್ಣೆ ಗ್ರಂಥಿಯಿಂದ ಎದ್ದವು, ಬಹುಪಾಲು ಕ್ಯಾನ್ಸರ್ ಅಲ್ಲ. ಆದರೆ ಬರೀ ನೋಡಿ ಇಂಥದ್ದೇ ಅಂತ ಹೇಳಲಾಗದು, ಬಣ್ಣದಿಂದಲೂ ಗೊತ್ತಾಗುವುದಿಲ್ಲ. ಹಾಗಾಗಿ ಗಡಿಬಿಡಿ ಬೇಡ, ಆದರೆ ಒಂದು ಸಲ ತೋರಿಸಿಬಿಡಿ. ಗಂಟಿಗಿಂತ ಜಾಸ್ತಿ ತೊಂದರೆ ಅದರ ಉಜ್ಜಾಟದ್ದು: ಒಳಮುಖವಾಗಿ ಬೆಳೆದರೆ ರೆಪ್ಪೆ ಬಡಿದಾಗಲೆಲ್ಲ ಕಣ್ಣುಗುಡ್ಡೆಗೆ ತಾಗಿ ಹುಣ್ಣಾಗುತ್ತದೆ. ಡಾಕ್ಟರು ಕಣ್ಣಿಗೆ ಬಣ್ಣದ ಡ್ರಾಪ್ಸ್ ಹಾಕಿ ನೋಡುತ್ತಾರೆ. ಹುಣ್ಣಿದ್ದರೆ ಅಲ್ಲಿ ಹಸಿರಾಗುತ್ತದೆ.

ಮನೆಯಲ್ಲಿ ನೀವು ಮಾಡಬೇಕಾದ್ದು ತಿಂಗಳಿಗೊಂದು ಫೋಟೋ. ಜಗಲಿಯಲ್ಲಿ, ಬೆಳಗಿನ ಬೆಳಕಿನಲ್ಲಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಹಿಡಿದು ತೆಗೆಯಿರಿ. ದಿನಾ ನೋಡುವ ಕಣ್ಣಿಗೆ ಬೆಳೆದದ್ದು ಗೊತ್ತಾಗುವುದಿಲ್ಲ, ಅಲ್ವಾ? ದೊಡ್ಡದಾದರೆ, ಒಡೆದು ರಕ್ತ ಬಂದರೆ, ಪಿಚ್ಚು ಕಟ್ಟಿದರೆ, ನಾಯಿ ಮುಖ ನೆಲಕ್ಕೆ ಉಜ್ಜಿದರೆ ಮತ್ತೆ ತೋರಿಸಿ. ಕಣ್ಣು ತೆರೆಯದೇ ಇದ್ದರೆ ಅಥವಾ ಗುಡ್ಡೆ ಮಂಜಾದರೆ ಅವತ್ತೇ ಹೊರಡಿ.

ತೆಗೆಯಬೇಕು ಅಂದರೆ ಸಣ್ಣದಿರುವಾಗಲೇ ಒಳ್ಳೆಯದು. ರೆಪ್ಪೆಯ ಉದ್ದದ ಕಾಲು ಭಾಗದಷ್ಟು ಹೋದರೂ ಕತ್ತರಿಸಿ ನೇರವಾಗಿ ಹೊಲಿಯಬಹುದು. ಮೂರರಲ್ಲೊಂದು ಭಾಗ ಮೀರಿದರೆ ಪಕ್ಕದ ಚರ್ಮ ಎಳೆದು ರೆಪ್ಪೆ ಕಟ್ಟಬೇಕಾಗುತ್ತದೆ, ಅದು ದೊಡ್ಡ ಕೆಲಸ. ಮತ್ತು ಹತ್ತು ವರ್ಷದ ನಾಯಿಗೆ ಅರಿವಳಿಕೆ ಕೊಡುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ತೆಗೆದ ಗಂಟನ್ನು ಲ್ಯಾಬಿಗೆ ಕಳಿಸಲು ಹೇಳಿ. ಊರಿನ ಮೃಗಾಸ್ಪತ್ರೆಯಲ್ಲಿ ಕಣ್ಣಿನ ಆಪರೇಶನ್ ಆಗದಿದ್ದರೆ ಮಂಗಳೂರಿಗೆ ಚೀಟಿ ಬರೆಸಿಕೊಳ್ಳಿ.

ಮನುಷ್ಯರಿಗೆಂದು ತಂದು ಮನೆಯಲ್ಲಿ ಉಳಿದಿರುವ ಕಣ್ಣಿನ ಡ್ರಾಪ್ಸ್ ನಾಯಿಗೆ ಹಾಕಬೇಡಿ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಹುಣ್ಣು ಇನ್ನೂ ಆಳಕ್ಕೆ ಹೋಗುತ್ತದೆ. ಈಗಾಗಲೇ ಹಾಕಿದ್ದರೆ ಬಾಟಲಿಯನ್ನೂ ಡಾಕ್ಟರ ಹತ್ತಿರ ಒಯ್ಯಿರಿ.