ಎದೆ ತೆಗೆದು ಮತ್ತೆ ಕಟ್ಟಿಸಿಕೊಂಡರೆ, ಮುಟ್ಟಿದ್ದು ಗೊತ್ತಾಗುತ್ತದಾ?

ನೀವು ಕೇಳಿದ್ದು ಎರಡು. ಕ್ಯಾನ್ಸರ್ ಅಂತ ಎಡಗಡೆಯ ಎದೆ ಪೂರ್ತಿ ತೆಗೆದು, ಹೊಟ್ಟೆಯ ಕೊಬ್ಬಿನಿಂದಲೋ ಇಂಪ್ಲಾಂಟ್‌ನಿಂದಲೋ (ಒಳಗಿಡುವ ಕೃತಕ ಎದೆ) ಮತ್ತೆ ಕಟ್ಟಿಕೊಡುತ್ತೇವೆ ಅಂತ ಡಾಕ್ಟರ್ ಹೇಳಿದ್ದಾರೆ, ಆಮೇಲೆ ಅಲ್ಲಿ ಮುಟ್ಟಿದರೆ ಗೊತ್ತಾಗುತ್ತದಾ ಅನ್ನುವುದು ಒಂದು. ನರ ಜೋಡಿಸುವ ಆಪರೇಷನ್ ಇದೆಯಂತೆ, ನಿಜವಾ ಅನ್ನುವುದು ಇನ್ನೊಂದು. ಕೊನೆಗೆ, 'ಇದನ್ನೆಲ್ಲ ಡಾಕ್ಟರ್ ಹತ್ತಿರ ಹೇಗೆ ಕೇಳೋದು, ನಾಚಿಕೆ...' ಅಂತ ಬರೆದು ಅರ್ಧಕ್ಕೆ ಬಿಟ್ಟಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಯಾಕೆಂದರೆ ನಾನೂ ಕೇಳಲಿಲ್ಲ.

2019ರಲ್ಲಿ ನನಗೆ 44 ವರ್ಷ. ಜಯನಗರದಲ್ಲಿ ಮನೆ, ಬ್ಯಾಂಕ್ ಕೆಲಸ. ಡಾಕ್ಟರ್ ಕೋಣೆಯಲ್ಲಿ ನನ್ನ ಜೊತೆ ಯಜಮಾನರು, ಅಣ್ಣ, ಅತ್ತಿಗೆ ಮೂವರೂ ಕೂತಿದ್ದರು. ಪ್ಲಾಸ್ಟಿಕ್ ಸರ್ಜನ್ ಫೋಟೋ ತೋರಿಸಿದರು. 'ಬ್ಲೌಸ್ ಹಾಕಿದರೆ ಯಾರಿಗೂ ಗೊತ್ತೇ ಆಗಲ್ಲಮ್ಮ' ಅಂದರು. ಮಾತೆಲ್ಲ ನೋಡುವವರಿಗೆ ಹೇಗೆ ಕಾಣುತ್ತದೆ ಅನ್ನುವುದರ ಮೇಲೆಯೇ. ನನಗೆ ಹೇಗಿರುತ್ತದೆ ಅಂತ ಅವರು ಹೇಳಲಿಲ್ಲ, ಅಣ್ಣನ ಮುಂದೆ ನಾನು ಬಾಯಿ ಬಿಡಲಿಲ್ಲ. ಜೀವ ಉಳಿದರೆ ಸಾಕು, ಇದೊಂದು ಬೇರೆ ಕೇಳಬೇಕಾ ಅಂತ ನನಗೆ ನಾನೇ ಬೈದುಕೊಂಡೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಅದೇ ದಿನ ಹೊಟ್ಟೆಯ ಕೆಳಭಾಗದ ಚರ್ಮ, ಕೊಬ್ಬು ತೆಗೆದು ಎದೆ ಕಟ್ಟಿದರು. ಇದನ್ನು ಡಿಐಇಪಿ ಫ್ಲಾಪ್ ಅನ್ನುತ್ತಾರೆ. ಆಮೇಲೆ ರೇಡಿಯೇಷನ್. ಎಂಟು ತಿಂಗಳಾದ ಮೇಲೆ ಒಂದು ರಾತ್ರಿ ಭುಜ ನೋವು ಅಂತ ಹಾಟ್ ವಾಟರ್ ಬ್ಯಾಗ್ ಇಟ್ಟುಕೊಂಡು ಮಲಗಿದೆ. ಅದು ಎದೆಯ ಮೇಲೆ ಜಾರಿದೆ. ನನಗೆ ಎಚ್ಚರವೇ ಆಗಲಿಲ್ಲ. ಬೆಳಿಗ್ಗೆ ನೈಟಿ ಒದ್ದೆ. ಬ್ಯಾಗ್ ಸೋರಿದೆ ಅಂದುಕೊಂಡೆ. ನೋಡಿದರೆ ಅಂಗೈಯಗಲ ಬೊಬ್ಬೆ ಎದ್ದು ಒಡೆದಿತ್ತು. ನೋವು ಒಂದು ಚೂರೂ ಇರಲಿಲ್ಲ. ನಾನು ಅತ್ತದ್ದು ಆ ನೋವಿಲ್ಲದ್ದಕ್ಕೆ.

ಈಗ ನರದ ವಿಷಯ. ನಾನು ಡಾಕ್ಟರ್ ಅಲ್ಲ, ಆದರೆ ಆ ಬೊಬ್ಬೆಯ ನಂತರ ಸಿಕ್ಕವರನ್ನೆಲ್ಲ ಕೇಳಿ ತಿಳಿದುಕೊಂಡೆ. ಎದೆಗೆ ಸ್ಪರ್ಶ ತರುವ ನರಗಳು ಪಕ್ಕೆಲುಬುಗಳ ನಡುವಿನಿಂದ ಬರುತ್ತವೆ. ಹೆಚ್ಚುಕಡಿಮೆ ಎರಡನೆಯದರಿಂದ ಆರನೆಯದರವರೆಗೆ. ಕೆಲವು ಎದೆಮೂಳೆಯ ಪಕ್ಕದಿಂದ, ಕೆಲವು ಕಂಕುಳ ಕೆಳಗಿನ ಬದಿಯಿಂದ. ತೊಟ್ಟಿಗೆ ಮುಖ್ಯವಾಗಿ ಬರುವುದು ನಾಲ್ಕನೆಯದು, ಬದಿಯಿಂದ. ಒಳಗಿನ ಭಾಗವನ್ನೆಲ್ಲ ತೆಗೆಯುವಾಗ ಇವು ತುಂಡಾಗುತ್ತವೆ. ನಮ್ಮ ಬೀದಿ ಅಗೆದಾಗ ಏನಾಗುತ್ತದೆ ಹೇಳಿ? ಕೇಬಲ್ ಕತ್ತರಿಸಿ ಹೋಗುತ್ತದೆ. ಮೇಲೆ ಟಾರು ಹಾಕಿ ನುಣ್ಣಗೆ ಮಾಡುತ್ತಾರೆ, ಆದರೆ ಮನೆಯಲ್ಲಿ ನೆಟ್ ಬರುವುದಿಲ್ಲ. (ಟಾರು ನುಣ್ಣಗೆ ಹಾಕುತ್ತಾರೆ ಅಂದದ್ದು ಸ್ವಲ್ಪ ಜಾಸ್ತಿಯಾಯಿತು, ಬಿಡಿ.)

ಇಲ್ಲಿ ತುಂಬ ಜನ ಮೋಸ ಹೋಗುವ ಒಂದು ಮಾತಿದೆ: 'ತೊಟ್ಟು ಉಳಿಸುತ್ತೇವೆ.' ತೊಟ್ಟು ಉಳಿಯುತ್ತದೆ, ನಿಜ. ಅದರ ಸ್ಪರ್ಶವೂ ಉಳಿಯುತ್ತದೆ ಅಂತ ಅದರ ಅರ್ಥವಲ್ಲ. ನರ ಹೋಗಿದ್ದರೆ ತೊಟ್ಟು ನೋಡಲು ಮಾತ್ರ.

ನರ ಜೋಡಿಸುವುದು ಸುಳ್ಳಲ್ಲ. ಹೊಟ್ಟೆಯ ಭಾಗ ತೆಗೆಯುವಾಗ ಅದರೊಳಗಿನ ಒಂದು ನರವನ್ನೂ ಜೊತೆಗೆ ತೆಗೆದು, ಎದೆಮೂಳೆಯ ಪಕ್ಕದಲ್ಲಿ ತುಂಡಾಗಿರುವ ನರದ ತುದಿಗೆ, ಸಾಮಾನ್ಯವಾಗಿ ಮೂರನೆಯದಕ್ಕೆ, ಮೈಕ್ರೋಸ್ಕೋಪ್ ಕೆಳಗೆ ಹೊಲಿಯುತ್ತಾರೆ. ದಾರ ಕೂದಲಿಗಿಂತ ಸಣ್ಣದು. ಇಂಪ್ಲಾಂಟ್ ಇಟ್ಟು ತೊಟ್ಟು ಉಳಿಸುವವರಿಗೆ ಬೇರೆ ದಾರಿ. ಬದಿಯಲ್ಲಿ ತುಂಡಾದ ನರಕ್ಕೂ ತೊಟ್ಟಿನ ಕೆಳಭಾಗಕ್ಕೂ ನಡುವೆ ಇನ್ನೊಂದು ನರದ ತುಂಡನ್ನು ಸೇತುವೆಯ ಹಾಗೆ ಇಡುತ್ತಾರೆ. ಜಾಗ ಸಿಕ್ಕರೆ, ಕ್ಯಾನ್ಸರ್ ದೂರ ಇದ್ದರೆ, ಕೆಲವು ಸರ್ಜನ್‌ಗಳು ನರವನ್ನೇ ಕತ್ತರಿಸದೆ ಬಿಡಿಸಿ ಉಳಿಸಲು ನೋಡುತ್ತಾರೆ. ಆದರೆ ಕ್ಯಾನ್ಸರ್ ಪೂರ್ತಿ ತೆಗೆಯುವುದು ಮೊದಲು, ನರ ಆಮೇಲೆ. ಇದರಲ್ಲಿ ಚೌಕಾಸಿ ಬೇಡ.

ಜೋಡಿಸಿದ ಮಾತ್ರಕ್ಕೆ ಸ್ವಿಚ್ ಹಾಕಿದ ಹಾಗೆ ಆಗುವುದಿಲ್ಲ. ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಅಂದರೆ ತಿಂಗಳಿಗೆ ಒಂದಂಗುಲ ಅನ್ನಿ. ಹಾಗಾಗಿ ತಿಂಗಳುಗಟ್ಟಲೆ, ಕೆಲವರಿಗೆ ಎರಡು ವರ್ಷದವರೆಗೂ ಕಾಯಬೇಕು. ಬರುವುದೂ ಒಬ್ಬೊಬ್ಬರಿಗೆ ಒಂದೊಂದು ರೀತಿ. ಬಿಸಿ, ಒತ್ತಡ, ಚುಚ್ಚಿದ್ದು ಗೊತ್ತಾಗುವುದು ಬೇರೆ. ಗಂಡ ಮುಟ್ಟಿದಾಗ ಮೊದಲಿನ ಹಾಗೆ ಹಿತ ಅನ್ನಿಸುವುದು ಬೇರೆ. ಎರಡನೆಯದನ್ನು ಯಾರಾದರೂ ಗ್ಯಾರಂಟಿ ಕೊಟ್ಟರೆ ನಂಬಬೇಡಿ. ಮೊದಲನೆಯದು ಬಂದರೂ ಅದು ಸಣ್ಣ ವಿಷಯವಲ್ಲ. ಬೊಬ್ಬೆ ಎದ್ದವಳು ಹೇಳುತ್ತಿದ್ದೇನೆ.

ಜೋಡಿಸದಿದ್ದರೆ ಏನೂ ಬರುವುದಿಲ್ಲ ಅಂತಲ್ಲ. ಹೊಟ್ಟೆಯ ಭಾಗದಿಂದ ಕಟ್ಟಿದ್ದರಲ್ಲಿ ಅಂಚಿನಿಂದ ಒಳಕ್ಕೆ ಅಷ್ಟಿಷ್ಟು ತಾನಾಗಿಯೇ ಬರುತ್ತದೆ. ಇಂಪ್ಲಾಂಟ್ ಆದವರಿಗೆ ಸಾಮಾನ್ಯವಾಗಿ ಇನ್ನೂ ಕಡಿಮೆ. ರೇಡಿಯೇಷನ್ ಆದರೆ ಮತ್ತಷ್ಟು ಕಡಿಮೆಯಾಗಬಹುದು. ಚೆಕಪ್‌ನಲ್ಲಿ ಪರಿಚಯವಾದ ಒಬ್ಬರು ಹೇಳುತ್ತಿದ್ದರು, ಡಿಸೆಂಬರ್ ಬೆಳಿಗ್ಗೆ ಲಾಲ್‌ಬಾಗ್‌ಗೆ ವಾಕಿಂಗ್ ಹೋದರೆ ಇಂಪ್ಲಾಂಟ್ ತಣ್ಣಗಾಗಿ, ಮನೆಗೆ ಬಂದು ಕಾಫಿ ಕುಡಿದರೂ ಬೇಗ ಬೆಚ್ಚಗಾಗುವುದಿಲ್ಲವಂತೆ.

ನನ್ನದು ಜೋಡಿಸಿಲ್ಲ. ಆರು ವರ್ಷದ ಮೇಲಾಯಿತು. ಕಾಲರ್ ಮೂಳೆಯ ಕಡೆಯ ಅಂಚು, ಎದೆಮೂಳೆಯ ಪಕ್ಕ ಚೆನ್ನಾಗಿ ಗೊತ್ತಾಗುತ್ತದೆ. ನಡುವೆ ಏನೂ ಇಲ್ಲ. ಒಮ್ಮೊಮ್ಮೆ ಇಲ್ಲದ ತೊಟ್ಟು ಕೆರೆಯುತ್ತದೆ! ಕೆರೆದುಕೊಂಡರೆ ಬೆರಳು ಮುಟ್ಟಿದ್ದೇ ತಿಳಿಯುವುದಿಲ್ಲ, ಕೆರೆತ ಹಾಗೇ ಇರುತ್ತದೆ. ಕಂಕುಳ ಗಂಟು ತೆಗೆದದ್ದರಿಂದ ತೋಳಿನ ಒಳಗಡೆ ಜೋಮು ಹಿಡಿದ ಹಾಗೆ. ಹೊಟ್ಟೆಯ ಕೆಳಗೂ ಮಂದ. ಅಡುಗೆಮನೆ ಕಟ್ಟೆಗೆ ಒರಗಿ ನಿಲ್ಲುವಾಗ ಅಲ್ಲಿ ಬಿಸಿ ಪಾತ್ರೆ ಇದೆಯಾ ಅಂತ ನೋಡುವುದು ಅಭ್ಯಾಸವಾಗಿದೆ. ದೀಪಾವಳಿಯ ಎಣ್ಣೆ ಸ್ನಾನಕ್ಕೆ ಅಮ್ಮ ಕುದಿಯುವ ನೀರು ಬಿಟ್ಟರೆ ಮೊದಲು ಬಲಗೈ ಅದ್ದಿ ನೋಡುತ್ತೇನೆ.

ಮನೆಯ ಮಾತೂ ಹೇಳಿಬಿಡುತ್ತೇನೆ. ಯಜಮಾನರು ಆ ಕಡೆ ಮುಟ್ಟುವುದನ್ನೇ ಬಿಟ್ಟಿದ್ದರು. ಅಸಹ್ಯ ಅಂತ ನಾನು ಅಂದುಕೊಂಡೆ. ನೋವಾಗುತ್ತದೆ ಅಂತ ಅವರು ಅಂದುಕೊಂಡಿದ್ದರು. ಇದು ಬಾಯಿಗೆ ಬರಲು ಒಂದು ವರ್ಷ ಹಿಡಿಯಿತು. ಆಮೇಲೆ ಫಿಸಿಯೋಥೆರಪಿಯವರು ಒಂದು ಅಭ್ಯಾಸ ಹೇಳಿಕೊಟ್ಟರು. ಹತ್ತಿ, ರೇಷ್ಮೆ ತುಂಡು, ಟರ್ಕಿ ಟವೆಲ್ ಒಂದೊಂದರಿಂದಲೂ ಸವರುವುದು, ಮೊದಲು ಕಣ್ಣು ಬಿಟ್ಟು, ಆಮೇಲೆ ಮುಚ್ಚಿ. ಯಜಮಾನರು ಸವರುತ್ತಾರೆ, ನಾನು 'ಬಂತು', 'ಇಲ್ಲ' ಅನ್ನುತ್ತೇನೆ. ಎಲ್ಲಿಯವರೆಗೆ ಬಂತೋ ಅಲ್ಲಿಗೆ ಮಗಳ ಸ್ಕೆಚ್ ಪೆನ್ನಿನಿಂದ ಗೆರೆ. ಮೊದಲ ವರ್ಷ ಗೆರೆ ಎರಡು ಬೆರಳಗಲ ಒಳಗೆ ಹೋಯಿತು. ಆಮೇಲೆ ನಿಂತಿದೆ. ನಾವು ಈಗಲೂ ಆಗಾಗ ನೋಡುತ್ತೇವೆ. ಗೆರೆಗಿಂತ ಜಾಸ್ತಿ ನಗುವಿಗೆ.

ನಿಮಗಿನ್ನೂ ಆಪರೇಷನ್ ಆಗಿಲ್ಲ, ಅದೇ ದೊಡ್ಡದು. ಮೊದಲು ಕೇಳಬೇಕಾದದ್ದು, ಪೂರ್ತಿ ತೆಗೆಯಲೇಬೇಕಾ ಅಂತ. ಗಡ್ಡೆ ಮಾತ್ರ ತೆಗೆದು ರೇಡಿಯೇಷನ್ ಕೊಟ್ಟರೂ ಆಯುಷ್ಯದಲ್ಲಿ ವ್ಯತ್ಯಾಸವಿಲ್ಲ ಅಂತ ಅಮೆರಿಕ ಮತ್ತು ಇಟಲಿಯ ಎರಡು ದೊಡ್ಡ ಅಧ್ಯಯನಗಳ 20 ವರ್ಷದ ಫಲಿತಾಂಶ 2002ರಲ್ಲೇ ಬಂದಿದೆ. ಎಲ್ಲರಿಗೂ ಅದು ಹೊಂದುವುದಿಲ್ಲ. ಗಡ್ಡೆಯ ಗಾತ್ರ, ಎಷ್ಟು ಕಡೆ ಇದೆ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಆದರೆ ಹೊಂದುವುದಾದರೆ ಸ್ಪರ್ಶ ಬಹುಪಾಲು ಉಳಿಯುತ್ತದೆ. ಇನ್ನೊಬ್ಬರ ಅಭಿಪ್ರಾಯ ಬೇಕಿದ್ದರೆ, 1973ರಿಂದ ಕ್ಯಾನ್ಸರನ್ನೇ ನೋಡುತ್ತಿರುವ ಕಿದ್ವಾಯಿ ಆಸ್ಪತ್ರೆ ನಮ್ಮ ಬೆಂಗಳೂರಲ್ಲೇ ಇದೆ. ಕ್ಯೂ ಉದ್ದ, ಬೆಳಿಗ್ಗೆ ಬೇಗ ಹೋಗಿ.

ಪೂರ್ತಿ ತೆಗೆಯಲೇಬೇಕು ಅಂದರೆ, ಕ್ಯಾನ್ಸರ್ ಸರ್ಜನ್ ಮತ್ತು ಪ್ಲಾಸ್ಟಿಕ್ ಸರ್ಜನ್ ಇಬ್ಬರ ಜೊತೆಗೂ ಆಪರೇಷನ್‌ಗೆ ಮೊದಲೇ ಮಾತಾಡಿ. ತುಂಡಾದ ನರದ ತುದಿಯನ್ನು ಆಗಲೇ ಹುಡುಕಿ ಇಟ್ಟುಕೊಂಡರೆ ಜೋಡಿಸುವುದು ಸುಲಭ. ಆಮೇಲೆ ಗಾಯದ ಗಟ್ಟಿ ಮಾಂಸದಲ್ಲಿ ಅದನ್ನು ಹುಡುಕುವುದು ಕಷ್ಟ. 'ನರ ಜೋಡಿಸುತ್ತೀರಾ? ನೀವು ಎಷ್ಟು ಮಂದಿಗೆ ಮಾಡಿದ್ದೀರಿ? ಅವರಿಗೆ ಈಗ ಏನು ಗೊತ್ತಾಗುತ್ತದೆ?' ಇಷ್ಟು ಸಾಕು. ಇನ್ಶೂರೆನ್ಸ್‌ನವರು 'ಇದು ಕಾಸ್ಮೆಟಿಕ್' ಅಂದರೆ ಬಿಡಬೇಡಿ. ಕಾಸ್ಮೆಟಿಕ್ ಆಪರೇಷನ್‌ಗೆ ದುಡ್ಡು ಕೊಡುವುದಿಲ್ಲ ಅನ್ನುವ ನಿಯಮ ಕ್ಯಾನ್ಸರ್ ನಂತರ ಮತ್ತೆ ಕಟ್ಟುವುದಕ್ಕೆ (ರೀಕನ್‌ಸ್ಟ್ರಕ್ಷನ್) ಅನ್ವಯಿಸುವುದಿಲ್ಲ ಅಂತ ಇನ್ಶೂರೆನ್ಸ್ ಕಂಪನಿಗಳ ಮೇಲಿರುವ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ಬರೆದಿಟ್ಟಿದೆ. ನರದ ಕೆಲಸಕ್ಕೆ ಬೇರೆ ಬಿಲ್ ಬರುತ್ತದಾ ಅಂತ ಮಾತ್ರ ಮೊದಲೇ ಕೇಳಿಕೊಳ್ಳಿ.

ಗುರುವಾರ ಅಪಾಯಿಂಟ್‌ಮೆಂಟ್ ಅಂದಿದ್ದೀರಿ. ಬಾಯಲ್ಲಿ ಕೇಳಲು ಆಗದಿದ್ದರೆ ಚೀಟಿಯಲ್ಲಿ ಬರೆದು ಮೇಜಿನ ಮೇಲಿಡಿ. ಅಣ್ಣ ತಮ್ಮಂದಿರು ಬಂದಿದ್ದರೆ, ಎರಡು ನಿಮಿಷ ಹೊರಗಿರಿ ಅಂತ ಹೇಳಿ, ಕ್ಯಾಂಟೀನ್‌ಗೆ ಕಳಿಸಿ. ಮನೆಯಲ್ಲಿ ಹಾಟ್ ವಾಟರ್ ಬ್ಯಾಗ್ ಇದ್ದರೆ ಈಗಲೇ ಅಟ್ಟಕ್ಕೆ ಹಾಕಿ.