ಮಲೆನಾಡಿನ ಮನೆಯ ಹೊರಗಿನ ಮೆಟ್ಟಿಲಿಗೆ ಮರದ ಹ್ಯಾಂಡ್‌ರೇಲ್ ಹಾಕಿಸಿದರೆ ಮಳೆಗೆ ಬಾಳಿಕೆ ಬರುತ್ತಾ?

ಖಂಡಿತ ಬರುತ್ತದೆ. ಆದರೆ ಮರ ನೋಡಿ ತಗೊಳ್ಳಬೇಕು. ಸಾಗುವಾನಿ, ಹೊನ್ನೆ ಅಥವಾ ಹೆಬ್ಬಲಸು ಆಗುತ್ತದೆ, ಅದರಲ್ಲೂ ಚೇಗು, ಅಂದರೆ ಮರದ ನಡುವಿನ ಗಟ್ಟಿ ಭಾಗವೇ ಬೇಕು. ಸಾಗುವಾನಿಯೇ ಆದರೂ ಅಂಚಿನ ಬಿಳಿ ಭಾಗಕ್ಕೆ ಗೆದ್ದಲು ಬೇಗ ಹಿಡಿಯುತ್ತದೆ. ಸಿಲ್ವರ್ ಓಕ್ ಮನೆಯೊಳಗೆ ಸಾಕು, ಮಳೆಗೆ ಬೇಡ.

ನೀರು ನಿಂತ ಕಡೆಯೇ ಮರ ಕೊಳೆಯೋದು. ಹಾಗಾಗಿ ರೇಲಿನ ಮೇಲ್ಭಾಗ ದುಂಡಗಿರಲಿ. ಕತ್ತರಿಸಿದ ತುದಿಗಳು ನೀರನ್ನು ಜಾಸ್ತಿ ಹೀರುತ್ತವೆ. ಫಿಟ್ ಮಾಡುವ ಮುಂಚೆಯೇ ಅವಕ್ಕೆ ಎರಡು ಮೂರು ಸಲ ಎಣ್ಣೆ ಕುಡಿಸಿ, ಸ್ಕ್ರೂ ತೂತಿನ ಒಳಗೂ ಬಿಡಿ. ಮರದ ಕಂಬವನ್ನು ನೇರ ಕಾಂಕ್ರೀಟಿನಲ್ಲಿ ಹೂಳಬೇಡಿ. ಬುಡ ನೆಲದಿಂದ ಒಂದು ಇಂಚಾದರೂ ಮೇಲಿರುವಂತೆ ಲೋಹದ ಬ್ರಾಕೆಟ್‌ನಲ್ಲಿ ಕೂರಿಸಿ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ.

ಎತ್ತರ ಮೆಟ್ಟಿಲಿನ ಅಂಚಿನಿಂದ ಸುಮಾರು 90 ಸೆಂ.ಮೀ. ದಪ್ಪ 4ರಿಂದ 5 ಸೆಂ.ಮೀ. ಇದ್ದರೆ ವಯಸ್ಸಾದವರಿಗೂ ಮುಷ್ಟಿ ತುಂಬ ಹಿಡಿತ ಸಿಗುತ್ತದೆ. ಅಂದಕ್ಕೆ ಅಂತ ಅಗಲ ಹಲಗೆ ಹಾಕಿಸುವವರಿದ್ದಾರೆ. ಪಾಚಿಯ ಮೇಲೆ ಕಾಲು ಜಾರಿದಾಗ ಅದನ್ನು ಹಿಡಿಯೋಕೇ ಆಗಲ್ಲ, ಅಲ್ವಾ? ಗೋಡೆಗೆ ಹಾಕುವುದಾದರೆ ಬೆರಳು ಆಡಲು 5 ಸೆಂ.ಮೀ. ಬಿಡಿ.

ಹೊರಗೆ ದಪ್ಪ ವಾರ್ನಿಷ್ ಬೇಡ. ಬಿಸಿಲಿಗೆ ಬಿರುಕು ಬಿಟ್ಟು, ಒಳಗೆ ನೀರು ಸೇರಿ, ಸಿಪ್ಪೆ ಏಳುತ್ತದೆ. ಬದಲಿಗೆ ಪ್ರತಿ ವರ್ಷ ಮಳೆಗೆ ಮುಂಚೆ, ಮೇ ತಿಂಗಳ ಒಣ ದಿನದಲ್ಲಿ ಮರಕ್ಕೆ ಬಳಸುವ ಎಣ್ಣೆಯನ್ನು ತೆಳುವಾಗಿ ಹಚ್ಚಿ. ಅಗಸೆ ಎಣ್ಣೆ ಬಳಸಿದರೆ ಒಂದು ಮಾತು ದಯವಿಟ್ಟು ಮರೆಯಬೇಡಿ: ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗೇ ಬೆಂಕಿ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿ, ಹೊರಗೆ ಬಿಡಿಸಿ ಒಣಹಾಕಿ.